ಬ್ರಿಟನ್ ಒಕ್ಕೂಟ ಬಿಟ್ಟರೆ ಉದ್ಯಮಬಾಗದ ಆರ್ಡರ್ ಯಾಕೆ ಕಡಿಮೆಯಾಗುತ್ತದೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಪಂಪು, ವಾಲ್ವಿನ ಎರಕದ ಭಾಗಗಳನ್ನು ಬರ್ಮಿಂಗ್‌ಹ್ಯಾಮ್‌ನ ಒಬ್ಬ ವ್ಯಾಪಾರಿಗೆ ಹತ್ತು ವರ್ಷದಿಂದ ಕಳಿಸುತ್ತಿದ್ದೇವೆ. ಅವರು ಅದನ್ನು ಐರ್ಲೆಂಡ್‌ಗೂ ಜರ್ಮನಿಗೂ ಮಾರುತ್ತಿದ್ದರು. 2021ರಿಂದ ಆರ್ಡರ್ ಅರ್ಧಕ್ಕೆ ಇಳಿದಿದೆ. ಕೇಳಿದರೆ ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟದ್ದು ಕಾರಣ ಅನ್ನುತ್ತಾರೆ. ನನ್ನ ಗೆಳೆಯ ಎಮ್ಮೆ ಕಟ್ಟಿ ಹಾಲು ಹಾಕುವವನು. ಬ್ರಿಟನ್ ಮಾಡಿದ್ದೇ ಸರಿ, ಭಾರತವೂ ಇಂಥ ಎಲ್ಲ ಒಪ್ಪಂದಗಳಿಂದ ಹೊರಬರಬೇಕು ಅನ್ನುತ್ತಾನೆ. ದಿನಾ ಚಹಾದ ಹೊತ್ತಿಗೆ ಇದೇ ವಾದ. ನನ್ನ ಮಗಳು ಲೀಡ್ಸ್‌ನಲ್ಲಿ ಎಂಎಸ್‌ಸಿ ಓದುತ್ತಿದ್ದಾಳೆ, ಆ ಚಿಂತೆಯೂ ಇದೆ. ಒಕ್ಕೂಟ ಬಿಟ್ಟು ಅವರಿಗೆ ಒಳ್ಳೆಯದಾಯಿತಾ, ಕೆಟ್ಟದ್ದಾಯಿತಾ? ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ ರೀ. ಹದಿನೆಂಟು ವರ್ಷ ನಾನೂ ಉದ್ಯಮಬಾಗದ ಎರಕದ ಮಾಲಿಗೆ ರಫ್ತಿನ ಕಾಗದಪತ್ರ ಮಾಡಿದವನು, ಈಗ ಅದನ್ನೇ ಕಾಲೇಜು ಹುಡುಗರಿಗೆ ಕಲಿಸುತ್ತೇನೆ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಹಳೆಯ ಇನ್‌ವಾಯ್ಸುಗಳೆಲ್ಲ ಕಣ್ಮುಂದೆ ಬಂದವು.

ನೇರವಾಗಿ ಹೇಳಿಬಿಡುತ್ತೇನೆ. ದುಡ್ಡಿನ ಲೆಕ್ಕದಲ್ಲಿ ಬ್ರಿಟನ್‌ಗೆ ನಷ್ಟವೇ ಆಗಿದೆ. ನಿಮ್ಮ ಬರ್ಮಿಂಗ್‌ಹ್ಯಾಮ್‌ನ ವ್ಯಾಪಾರಿ ನೆಪ ಹೇಳುತ್ತಿಲ್ಲ. ಹಾಗಂತ ನಿಮ್ಮ ಗೆಳೆಯರ ಮಾತನ್ನು ತಳ್ಳಿಹಾಕಬೇಡಿ. ನೀವು ಕೇಳುತ್ತಿರುವುದು ಕೈಗೆ ಎಷ್ಟು ಬಂತು, ಎಷ್ಟು ಹೋಯಿತು ಅಂತ. ಅವರು ಕೇಳುತ್ತಿರುವುದು ನಮ್ಮ ಮನೆಯ ತೀರ್ಮಾನ ಯಾರು ಮಾಡಬೇಕು ಅಂತ. ಎರಡೂ ಸರಿಯಾದ ಪ್ರಶ್ನೆಗಳೇ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಲು ಹೋಗುವುದರಿಂದ ವಾದ ಮುಗಿಯುತ್ತಿಲ್ಲ, ಅಷ್ಟೆ.

ನಡೆದದ್ದು ಇಷ್ಟು. ಬ್ರಿಟನ್ ಆ ಒಕ್ಕೂಟಕ್ಕೆ ಸೇರಿದ್ದು 1973ರ ಜನವರಿ 1ರಂದು. ಎರಡೇ ವರ್ಷಕ್ಕೆ, 1975ರಲ್ಲಿ, ಇರೋಣವೋ ಬೇಡವೋ ಅಂತ ಜನರನ್ನು ಕೇಳಿದರು. 67 ಶೇಕಡಾ ಜನ ಇರೋಣ ಅಂದರು. ಮತ್ತೆ ಕೇಳಿದ್ದು 2016ರ ಜೂನ್ 23ರಂದು. ಬಿಡೋಣ ಅಂದವರು 51.9 ಶೇಕಡಾ, ಇರೋಣ ಅಂದವರು 48.1. ಅಂದರೆ 1 ಕೋಟಿ 74 ಲಕ್ಷ ಜನ ಒಂದು ಕಡೆ, 1 ಕೋಟಿ 61 ಲಕ್ಷ ಜನ ಇನ್ನೊಂದು ಕಡೆ. ಆಮೇಲೆ ಮೂರೂವರೆ ವರ್ಷ ಜಗ್ಗಾಡಿ, 2020ರ ಜನವರಿ 31ಕ್ಕೆ ಹೆಸರಿಗೆ ಹೊರಬಂದರು. ಆದರೆ ಆ ವರ್ಷದ ಡಿಸೆಂಬರ್ 31ರವರೆಗೂ ವ್ಯಾಪಾರದ ನಿಯಮ ಹಳೆಯವೇ ಇದ್ದವು. ನಿಮ್ಮ ಆರ್ಡರ್ 2016ರಲ್ಲಿ ಬೀಳದೆ 2021ರಲ್ಲಿ ಬಿದ್ದದ್ದು ಅದಕ್ಕೇ.

ಈಗ ಜನ ಜಾಸ್ತಿ ಎಡವುವ ಜಾಗಕ್ಕೆ ಬರೋಣ. 2020ರ ಡಿಸೆಂಬರ್ 24ರಂದು ಬ್ರಿಟನ್ ಮತ್ತು ಯುರೋಪ್ ಒಕ್ಕೂಟ ಒಂದು ಒಪ್ಪಂದಕ್ಕೆ ಬಂದವು. ಸುಂಕ ಇಲ್ಲ, ಇಷ್ಟೇ ಮಾಲು ಕಳಿಸಬೇಕು ಅನ್ನುವ ಮಿತಿಯೂ ಇಲ್ಲ. ನಿಮ್ಮ ಗೆಳೆಯರು ಹೇಳುವುದು ಇದನ್ನೇ ಇರಬೇಕು: ಸುಂಕವೇ ಇಲ್ಲದ ಮೇಲೆ ನಷ್ಟ ಎಲ್ಲಿಂದ ಬಂತು?

ಮಹಾರಾಷ್ಟ್ರ ಗಡಿಯ ಕೊಗನೊಳಿ ನೆನಪು ಮಾಡಿಕೊಳ್ಳಿ. 2021ರಲ್ಲಿ ಕೋವಿಡ್ ವರದಿ ತೋರಿಸಿ ದಾಟಬೇಕು ಅಂತ ಅಲ್ಲಿ ಚೆಕ್‌ಪೋಸ್ಟ್ ಹಾಕಿದ್ದರು. ಯಾರೂ ಸುಂಕ ಕೇಳಲಿಲ್ಲ. ರಸ್ತೆ ಅದೇ, ಗಾಡಿ ಅದೇ. ಆದರೂ ಕೊಲ್ಲಾಪುರಕ್ಕೆ ಹೋಗಿ ಬರುವುದು ಅಂದ್ರೆ ಒಂದು ದಿನದ ಕೆಲಸ ಆಯಿತು. ವರದಿಯ ಖರ್ಚು ಬೇರೆ, ಕಾಯುವ ಹೊತ್ತು ಬೇರೆ, ವಾಪಸ್ ಕಳಿಸಿಬಿಟ್ಟರೆ ಅನ್ನುವ ಹೆದರಿಕೆ ಬೇರೆ. ತೀರಾ ಜರೂರು ಇಲ್ಲದವರು ಹೋಗುವುದನ್ನೇ ಬಿಟ್ಟರು. ಅಥವಾ ಇನ್ನೂ ಹಿಂದಕ್ಕೆ ಹೋಗಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ಮೊದಲು ಪುಣೆಗೆ ಮಾಲು ಕಳಿಸಿದರೆ ಕೊಂಡವರು ಕೊಡಬೇಕಾದ ಸಿ ಫಾರ್ಮ್‌ಗಾಗಿ ತಿಂಗಳುಗಟ್ಟಲೆ ಫೋನ್ ಮಾಡುತ್ತಿದ್ದೆವಲ್ಲ? ಆ ಫಾರ್ಮ್ ಬರದಿದ್ದರೆ ಪೂರ್ತಿ ತೆರಿಗೆ ನಮ್ಮ ತಲೆಗೇ. ಬ್ರಿಟನ್‌ನ ವ್ಯಾಪಾರಿಗೆ 2021ರ ಜನವರಿ 1ರಂದು ಆದದ್ದು ಹೀಗೆಯೇ, ಉಲ್ಟಾ ದಿಕ್ಕಿನಲ್ಲಿ. ನಾವು ಸಿ ಫಾರ್ಮ್‌ನಿಂದ ಜಿಎಸ್‌ಟಿಗೆ ಬಂದೆವು. ಅವರು ಜಿಎಸ್‌ಟಿಯಂಥ ವ್ಯವಸ್ಥೆಯಿಂದ ಸಿ ಫಾರ್ಮ್‌ನಂಥ ಕಾಲಕ್ಕೆ ಹೋದರು.

ನಿಮ್ಮ ಮಾಲಿಗೆ ಇನ್ನೊಂದು ತೊಂದರೆ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಅರ್ಧ ಆರ್ಡರ್ ಹೋದದ್ದು ಇಲ್ಲೇ.

ಯುರೋಪ್ ಒಕ್ಕೂಟ ಒಂದು ಸುಂಕ ಒಕ್ಕೂಟ. ಅಂದರೆ ಹೊರಗಿನ ದೇಶದ ಮಾಲಿಗೆ ಎಲ್ಲರದೂ ಒಂದೇ ಸುಂಕ. ಒಳಗೆ ಬಂದ ಮೇಲೆ ಎಲ್ಲಿಗಾದರೂ ಹೋಗಬಹುದು. ಹಳೆಯ ದಿನಗಳಲ್ಲಿ ನಿಮ್ಮ ಪೆಟ್ಟಿಗೆ ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಇಳಿಯುತ್ತಿತ್ತು. ಸುಂಕ ಒಮ್ಮೆ ಕಟ್ಟಿದರೆ ಮುಗಿಯಿತು. ಅಲ್ಲಿಂದ ಡಬ್ಲಿನ್‌ಗೆ ಹೋಗಲಿ, ಸ್ಟುಟ್‌ಗಾರ್ಟ್‌ಗೆ ಹೋಗಲಿ, ಬೆಳಗಾವಿಯಿಂದ ಹುಬ್ಬಳ್ಳಿಗೆ ಕಳಿಸಿದ ಹಾಗೆ. 2021ರಿಂದ ಏನಾಯಿತು? ಸುಂಕವಿಲ್ಲ ಅನ್ನುವ ಆ ಒಪ್ಪಂದ ಬ್ರಿಟನ್‌ನಲ್ಲಿ ಅಥವಾ ಯುರೋಪ್‌ನಲ್ಲಿ ತಯಾರಾದ ಮಾಲಿಗೆ ಮಾತ್ರ. ಬೆಳಗಾವಿಯಲ್ಲಿ ಹುಟ್ಟಿದ ಎರಕ ಬರ್ಮಿಂಗ್‌ಹ್ಯಾಮ್‌ನ ಗೋದಾಮಿನಲ್ಲಿ ಪೆಟ್ಟಿಗೆ ಬದಲಿಸಿದರೆ ಬ್ರಿಟಿಷ್ ಮಾಲು ಆಗುವುದಿಲ್ಲ. ಬ್ರಿಟನ್‌ಗೆ ಬಂದಾಗ ಒಂದು ಸುಂಕ, ಅಲ್ಲಿಂದ ಐರ್ಲೆಂಡ್‌ಗೆ ಹೋಗುವಾಗ ಇನ್ನೊಂದು. ತಪ್ಪಿಸಿಕೊಳ್ಳಲು ದಾರಿಗಳಿವೆ. ಸುಂಕದ ಗೋದಾಮಿನಲ್ಲಿ ಇಟ್ಟು ಹಾಗೇ ಮುಂದೆ ಕಳಿಸುವ ವ್ಯವಸ್ಥೆ ಇದೆ. ಆದರೆ ಅದಕ್ಕೆ ಪರವಾನಗಿ ಬೇಕು, ಬ್ಯಾಂಕ್ ಗ್ಯಾರಂಟಿ ಬೇಕಾಗುತ್ತದೆ, ಲೆಕ್ಕ ಇಡಲು ಒಬ್ಬ ಮನುಷ್ಯ ಬೇಕು. ನಾಲ್ಕು ಜನ ಕೆಲಸ ಮಾಡುವ ಅಂಗಡಿಯವರು ಎಲ್ಲಿಂದ ತರಬೇಕು?

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. 2021ರ ಮಾರ್ಚ್‌ನಲ್ಲಿ ನಾವು ಕಳಿಸಿದ ಮಾಲಿನಲ್ಲಿ ಒಂದೇ ಒಂದು ಪ್ಯಾಲೆಟ್ ಇಂಗ್ಲೆಂಡಿನಿಂದ ಐರ್ಲೆಂಡ್‌ಗೆ ಹೋಗಬೇಕಿತ್ತು. ಅಲ್ಲಿಯ ಏಜೆಂಟ್ ಮೂಲ ದೇಶದ ಕಾಲಂನಲ್ಲಿ ಭಾರತ ಅನ್ನುವ ಬದಲು ಬ್ರಿಟನ್ ಅಂತ ತುಂಬಿದ್ದರು. ಮಾಲು ಹತ್ತೊಂಬತ್ತು ದಿನ ಬಂದರಿನಲ್ಲೇ ನಿಂತಿತು. ದಿನದ ಬಾಡಿಗೆ ಏರುತ್ತಾ ಹೋಯಿತು. ಕಡೆಗೆ ವಾಪಸ್ ಬಂತು, ಗಿರಾಕಿ ಇಟಲಿಯವರಿಂದ ತರಿಸಿಕೊಂಡ. ಒಂದು ಕಾಲಂ ರೀ, ಒಂದೇ ಕಾಲಂ. ಆ ಪ್ಯಾಲೆಟ್ಟಿನ ಲಾಭ ಎಷ್ಟಿತ್ತು ಅಂತ ನಿಮಗೇ ಗೊತ್ತು, ನಮ್ಮ ಧಂದೆಯಲ್ಲಿ ಕಿಲೋ ಮೇಲೆ ಎಷ್ಟು ಉಳಿಯುತ್ತದೆ? ನನಗೆ ಇವತ್ತಿಗೂ ಅದು ಚುಚ್ಚುತ್ತದೆ, ಯಾಕಂದ್ರೆ ಆ ಮಾಲಿನಲ್ಲಿ ಒಂದು ದೋಷ ಇರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಒಂದು ಲೆಕ್ಕ ಹಾಕಿದ್ದಾರೆ. ಹೊಸ ನಿಯಮ ಬಂದ ಮೇಲೆ ಸುಮಾರು 16,400 ಬ್ರಿಟಿಷ್ ಕಂಪನಿಗಳು ಯುರೋಪ್‌ಗೆ ಮಾಲು ಕಳಿಸುವುದನ್ನೇ ನಿಲ್ಲಿಸಿದವು. ಮೊದಲು ಕಳಿಸುತ್ತಿದ್ದವರಲ್ಲಿ ಅದು 14 ಶೇಕಡಾ. ಹೊಡೆತ ಬಿದ್ದದ್ದು ಸಣ್ಣವರಿಗೆ. ದೊಡ್ಡ ಕಂಪನಿಗಳು ಹೇಗೋ ಹೊಂದಿಕೊಂಡವು. ಸಂಡರ್‌ಲ್ಯಾಂಡ್‌ನಲ್ಲಿ ನಿಸಾನ್ ಕಾರ್ಖಾನೆ 1986ರಿಂದ ಇದೆ, ಇವತ್ತಿಗೂ ನಡೆಯುತ್ತಿದೆ. ಆ ಊರಿನ 61 ಶೇಕಡಾ ಜನ ಬಿಡೋಣ ಅಂತಲೇ ಮತ ಹಾಕಿದವರು. ನಿಸಾನ್‌ನಂಥ ಕಂಪನಿಯಲ್ಲಿ ಕಾಗದಪತ್ರಕ್ಕೇ ಒಂದು ವಿಭಾಗ ಇರುತ್ತದೆ. ನಿಮ್ಮ ವ್ಯಾಪಾರಿಯ ಹತ್ತಿರ ಅವರ ಹೆಂಡತಿ ಮತ್ತು ಒಂದು ಕಂಪ್ಯೂಟರ್ ಇರಬಹುದು. ಒಂದು ಫಾರ್ಮ್ ತುಂಬಲು ಬರುವ ಖರ್ಚು ಕಂಟೇನರ್ ತುಂಬ ಮಾಲಿಗೂ ಅಷ್ಟೇ, ಒಂದು ಪ್ಯಾಲೆಟ್ಟಿಗೂ ಅಷ್ಟೇ. ಇಷ್ಟು ತಿಳಿದುಕೊಂಡರೆ ಸಾಕು, ಸುಂಕವಿಲ್ಲದೆಯೂ ನಷ್ಟ ಹೇಗಾಗುತ್ತದೆ ಅಂತ ಗೆಳೆಯರಿಗೆ ಹೇಳಬಹುದು.

ತಿನ್ನುವ ಪದಾರ್ಥದಲ್ಲಿ ಇನ್ನೂ ಕಷ್ಟ. ಬೆಳಗಾವಿಯಿಂದ ಗೋವಾಕ್ಕೆ ದಿನಾ ತರಕಾರಿ, ಹಾಲು ಹೋಗುತ್ತದೆ. ಚೋರ್ಲಾ ಘಾಟಿನಲ್ಲಿ ಪ್ರತಿ ಗಾಡಿ ನಿಲ್ಲಿಸಿ, ಪಶುವೈದ್ಯರ ಸಹಿ ಇದೆಯಾ, ಬೆಳೆ ಅಧಿಕಾರಿಯ ಸಹಿ ಇದೆಯಾ ಅಂತ ಕೇಳಿದರೆ ಕೊತ್ತಂಬರಿ ಏನಾಗುತ್ತದೆ? ಬ್ರಿಟನ್‌ನ ಮಾಂಸ, ಮೀನು, ಚೀಸ್ ಕಳಿಸುವವರಿಗೆ ಇದೇ ಆಯಿತು. ಸ್ಕಾಟ್‌ಲೆಂಡ್‌ನ ಬಿತ್ತನೆ ಆಲೂಗಡ್ಡೆಯನ್ನಂತೂ ಯುರೋಪ್ ಒಕ್ಕೂಟ 2021ರಿಂದ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಒಳಗೆ ಬರುವ ಆಹಾರಕ್ಕೂ ಖರ್ಚು ಏರಿತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನದೇ ಇನ್ನೊಂದು ಅಧ್ಯಯನದ ಪ್ರಕಾರ 2021ರ ಕೊನೆಗೆ ಬ್ರಿಟನ್‌ನಲ್ಲಿ ಆಹಾರದ ಬೆಲೆ ಬ್ರೆಕ್ಸಿಟ್ ಒಂದರಿಂದಲೇ ಸುಮಾರು 6 ಶೇಕಡಾ ಜಾಸ್ತಿಯಾಗಿತ್ತು. ಬಡವರ ಮನೆಯಲ್ಲಿ ದುಡಿಮೆಯ ಹೆಚ್ಚಿನ ಪಾಲು ಊಟಕ್ಕೇ ಹೋಗುವುದರಿಂದ ಇದು ಅವರಿಗೇ ಜಾಸ್ತಿ ತಟ್ಟಿತು. ಈಗ 2025ರ ಮೇನಲ್ಲಿ ಎರಡೂ ಕಡೆಯವರು ಮತ್ತೆ ಕೂತು, ಆಹಾರದ ತಪಾಸಣೆ ಕಡಿಮೆ ಮಾಡಿಕೊಳ್ಳೋಣ ಅನ್ನುವ ಮಾತಿಗೆ ಬಂದಿದ್ದಾರೆ. ಹೊರಬಂದ ಐದು ವರ್ಷಕ್ಕೆ.

ಒಟ್ಟು ನಷ್ಟ ಎಷ್ಟು? ಬ್ರಿಟನ್ ಸರ್ಕಾರದ ಬಜೆಟ್ ಅಂದಾಜು ನೋಡುವ ಸ್ವತಂತ್ರ ಕಚೇರಿ ಒಂದಿದೆ, ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಅಂತ. ಒಕ್ಕೂಟದಲ್ಲೇ ಇದ್ದಿದ್ದರೆ ಎಷ್ಟು ಇರುತ್ತಿತ್ತೋ ಅದಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ 4 ಶೇಕಡಾ ಕಡಿಮೆ ಆಗುತ್ತದೆ ಅನ್ನುವುದು ಅವರ ಅಂದಾಜು. ಈ 4 ಶೇಕಡಾ ಯಾರ ಕಣ್ಣಿಗೂ ಕಾಣುವುದಿಲ್ಲ. ಎಕರೆಗೆ 50 ಟನ್ ಕಬ್ಬು ಬರಬೇಕಾದ ಹೊಲದಲ್ಲಿ 48 ಟನ್ ಬಂದ ಹಾಗೆ. ಬೆಳೆ ಬಂದಿದೆ, ಕಾರ್ಖಾನೆಗೆ ಹೋಗಿದೆ, ಬಿಲ್ಲೂ ಆಗಿದೆ. ಆ ಎರಡು ಟನ್ ಬರಲಿಲ್ಲ ಅಂತ ತೋರಿಸುವುದು ಹೇಗೆ? ಇದೇ ಕಾರಣಕ್ಕೆ ಅಲ್ಲಿಯೂ ವಾದ ನಿಂತಿಲ್ಲ. ನಷ್ಟವೇ ಆಗಿಲ್ಲ ಅನ್ನುವವರು ಎದುರಿಗಿರುವ 48 ಟನ್ ತೋರಿಸುತ್ತಾರೆ. ಅದರ ಮೇಲೆ ಕೋವಿಡ್ ಬಂತು, ಉಕ್ರೇನ್ ಯುದ್ಧ ಬಂತು, ಯಾವುದರಿಂದ ಎಷ್ಟು ಅಂತ ಬೇರೆ ಮಾಡುವುದು ಸುಲಭವಲ್ಲ.

ಲಾಭದ ಕಡೆಯನ್ನೂ ಹೇಳಲೇಬೇಕು. ಒಕ್ಕೂಟದಲ್ಲಿದ್ದಾಗ ಬ್ರಿಟನ್ ತಾನೇ ಯಾರ ಜೊತೆಗೂ ವ್ಯಾಪಾರ ಒಪ್ಪಂದ ಮಾಡುವ ಹಾಗಿರಲಿಲ್ಲ. ಈಗ ಮಾಡುತ್ತದೆ. 2025ರ ಜುಲೈ 24ರಂದು ನಮ್ಮ ದೇಶದ ಜೊತೆಗೇ ಸಹಿ ಹಾಕಿತು. ಅದೇ ವರ್ಷ ಅಮೆರಿಕ ಎಲ್ಲರ ಮೇಲೂ ಸುಂಕ ಹೇರಿದಾಗ ಬ್ರಿಟನ್‌ಗೆ 10 ಶೇಕಡಾ ಬಿತ್ತು, ಯುರೋಪ್ ಒಕ್ಕೂಟಕ್ಕೆ 15. ಬ್ಯಾಂಕಿಂಗ್, ವಿಮೆ, ಸಲಹೆಯಂಥ ಸೇವೆಗಳ ರಫ್ತು ಹೆದರಿದಷ್ಟು ಬೀಳಲಿಲ್ಲ, ಚೆನ್ನಾಗಿಯೇ ಬೆಳೆಯಿತು. ಇದೆಲ್ಲ ನಿಜ. ಆದರೆ ತಕ್ಕಡಿಯಲ್ಲಿ ಇಟ್ಟು ನೋಡಿ. ಭಾರತದ ಜೊತೆಗಿನ ಒಪ್ಪಂದದಿಂದ ದೀರ್ಘಾವಧಿಯಲ್ಲಿ ತನ್ನ ಆರ್ಥಿಕತೆ 0.13 ಶೇಕಡಾ ಬೆಳೆಯುತ್ತದೆ ಅಂತ ಬ್ರಿಟನ್ ಸರ್ಕಾರವೇ ಅಂದಾಜಿಸಿದೆ. ಒಂದು ಕಡೆ 4, ಇನ್ನೊಂದು ಕಡೆ 0.13. ಕಾರಣ ದೊಡ್ಡದೇನಲ್ಲ. ಪಕ್ಕದ ಮನೆಯವರ ಜೊತೆ ನಡೆಯುವಷ್ಟು ವ್ಯಾಪಾರ ದೂರದವರ ಜೊತೆ ನಡೆಯುವುದಿಲ್ಲ. ಬ್ರಿಟನ್‌ನ ರಫ್ತಿನಲ್ಲಿ ಇವತ್ತಿಗೂ 40 ಶೇಕಡಾಕ್ಕಿಂತ ಜಾಸ್ತಿ ಹೋಗುವುದು ಯುರೋಪ್ ಒಕ್ಕೂಟಕ್ಕೇ.

ಹಾಗಾದರೆ ಅಷ್ಟು ಜನ ಯಾಕೆ ಬಿಡೋಣ ಅಂದರು? ಅವರು ಮೂರ್ಖರಾ? ಸುಳ್ಳು ಪ್ರಚಾರಕ್ಕೆ ಬಿದ್ದರಾ? ಸುಳ್ಳು ಇತ್ತು, ಅದರಲ್ಲಿ ಎರಡು ಮಾತಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತೇವೆ, ಅದನ್ನು ಸರ್ಕಾರಿ ಆಸ್ಪತ್ರೆಗಳಿಗೆ ಕೊಡೋಣ ಅಂತ ಬಸ್ಸಿನ ಮೇಲೆ ಬರೆದುಕೊಂಡು ಊರೂರು ತಿರುಗಿದರು. ರಿಯಾಯಿತಿ ಮುರಿದುಕೊಂಡೇ ಹಣ ಹೋಗುತ್ತಿತ್ತು, ಅದರಲ್ಲೂ ಒಂದು ಭಾಗ ವಾಪಸ್ ಬರುತ್ತಿತ್ತು. ಆ ಸಂಖ್ಯೆ ದಾರಿ ತಪ್ಪಿಸುವಂಥದ್ದು ಅಂತ ಅಲ್ಲಿಯ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಆದರೆ ಬಸ್ಸಿನ ಮೇಲಿನ ಒಂದು ಸಾಲಿಗೆ ಒಂದು ಕೋಟಿ 74 ಲಕ್ಷ ಜನ ಮರುಳಾದರು ಅಂದುಕೊಂಡರೆ ಅವರಿಗೆ ಅನ್ಯಾಯ ಮಾಡಿದ ಹಾಗೆ.

ಬಾಸ್ಟನ್ ಅಂತ ಒಂದು ಊರು, ಲಿಂಕನ್‌ಶೈರ್‌ನಲ್ಲಿ. ಅಮೆರಿಕದ್ದಲ್ಲ, ಇಂಗ್ಲೆಂಡಿನದು. ಸುತ್ತ ಎಲ್ಲ ಕೋಸು, ಆಲೂಗಡ್ಡೆ ಹೊಲಗಳು. ದೇಶದಲ್ಲೇ ಅತಿ ಹೆಚ್ಚು, 75.6 ಶೇಕಡಾ ಜನ ಬಿಡೋಣ ಅಂದದ್ದು ಅಲ್ಲೇ. 2004ರಲ್ಲಿ ಪೋಲೆಂಡ್ ಮುಂತಾದ ದೇಶಗಳು ಒಕ್ಕೂಟಕ್ಕೆ ಸೇರಿದಾಗ ಹಳೆಯ ಸದಸ್ಯರಲ್ಲಿ ಹೆಚ್ಚಿನವರು ಕೆಲವು ವರ್ಷ ತಮ್ಮ ಬಾಗಿಲು ಪೂರ್ತಿ ತೆಗೆಯಲಿಲ್ಲ. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ತಕ್ಷಣ ತೆಗೆದವು. ವರ್ಷಕ್ಕೆ ಹದಿಮೂರು ಸಾವಿರ ಜನ ಬರಬಹುದು ಅಂತ ಅಂದಾಜಿತ್ತು. 2011ರ ಜನಗಣತಿ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲೆಂಡ್‌ನಲ್ಲಿ ಹುಟ್ಟಿದವರೇ 5 ಲಕ್ಷ 79 ಸಾವಿರ ಇದ್ದರು. ಹೊಲದ ಮಾಲೀಕನಿಗೆ ಕೂಲಿಯಾಳು ಸಿಕ್ಕರು, ಲಂಡನ್‌ನ ಲೆಕ್ಕದಲ್ಲಿ ದೇಶ ಬೆಳೆಯಿತು. ಬಾಸ್ಟನ್‌ನಲ್ಲಿ ಬಾಡಿಗೆ ಏರಿತು, ಡಾಕ್ಟರ ಹತ್ತಿರ ಸಾಲು ಉದ್ದ ಆಯಿತು, ಶಾಲೆಯಲ್ಲಿ ಜಾಗ ಸಾಲದಾಯಿತು. ಬೆಳವಣಿಗೆಯ ತೆರಿಗೆ ಲಂಡನ್‌ಗೆ, ಅದರ ಇಕ್ಕಟ್ಟು ಬಾಸ್ಟನ್‌ಗೆ. ಕೇಳುವವರು ಯಾರೂ ಇರಲಿಲ್ಲ. ಹೇಳಲು ಒಂದೇ ಒಂದು ಅವಕಾಶ ಸಿಕ್ಕಿತು, ಹೇಳಿದರು.

ಇನ್ನೂ ಆಶ್ಚರ್ಯ ಕಾರ್ನ್‌ವಾಲ್‌ನದು. ಒಕ್ಕೂಟದಿಂದ ಹಿಂದುಳಿದ ಪ್ರದೇಶ ಅಂತ ಬೇಕಾದಷ್ಟು ಹಣ ಪಡೆದ ಜಿಲ್ಲೆ. ರಸ್ತೆಗೆ, ವಿಶ್ವವಿದ್ಯಾಲಯಕ್ಕೆ, ಇಂಟರ್‌ನೆಟ್‌ಗೆ ಆ ಹಣ ಬಂದಿತ್ತು. ಆದರೂ ಅವರು ಬಿಡೋಣ ಅಂದರು. ಇದನ್ನು ಓದಿ ಅರ್ಥಶಾಸ್ತ್ರಜ್ಞರು ತಲೆ ಕೆರೆದುಕೊಂಡರು. ಬೆಳಗಾವಿಯಲ್ಲಿ ಕೂತ ನಮಗೆ ಇದು ಅರ್ಥವಾಗಬೇಕು. ರಾಜ್ಯದ ಹಿಂದುಳಿದ ತಾಲೂಕುಗಳ ಬಗ್ಗೆ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು, ಹಣವೂ ಬಂತು. 2012ರಲ್ಲಿ ಸುವರ್ಣ ವಿಧಾನಸೌಧ ಕಟ್ಟಿಕೊಟ್ಟರು. ಆದರೂ ನಮ್ಮ ಕಡೆಯವರ ಮಾತು ಬೆಂಗಳೂರಿಗೆ ಕೇಳಿಸುವುದಿಲ್ಲ ಅನ್ನುವ ನೋವು ಹೋಗಿದೆಯಾ? ಹಣ ಕೊಡುವುದು ಬೇರೆ, ಮಾತಿಗೆ ಕಿವಿ ಕೊಡುವುದು ಬೇರೆ. ಕಾರ್ನ್‌ವಾಲ್‌ನ ಮೀನುಗಾರನಿಗೆ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್ ದೂರ, ಲಂಡನ್ ಕೂಡ ದೂರ. ಇಬ್ಬರ ಮೇಲಿನ ಸಿಟ್ಟನ್ನೂ ಒಂದೇ ಮತಪತ್ರದಲ್ಲಿ ತೀರಿಸಿಕೊಂಡ. ಆ ಸಿಟ್ಟು ನಿಜವಾದದ್ದು. ಆದರೆ ಒಕ್ಕೂಟ ಬಿಟ್ಟ ಮೇಲೆ ಅವನ ಮೀನು ಫ್ರಾನ್ಸಿಗೆ ಹೋಗುವುದು ಕಷ್ಟ ಆಯಿತು. ಲಂಡನ್ ಇದ್ದಲ್ಲೇ ಇದೆ.

ವಲಸೆಯ ವಿಷಯದಲ್ಲಿ ಏನಾಯಿತು ನೋಡಿ, ಇದು ನಿಮ್ಮ ಮಗಳಿಗೂ ಸಂಬಂಧಪಟ್ಟದ್ದು. ಹೊರಗಿನಿಂದ ಬರುವವರು ಕಡಿಮೆ ಆಗಲಿ ಅಂತ ಮತ ಹಾಕಿದವರು ಬಹಳ. ಮತದಾನದ ಹೊತ್ತಿಗೆ ಬಂದವರಲ್ಲಿ ಹೋದವರನ್ನು ಕಳೆದರೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸು ಇತ್ತು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದು ಒಂಬತ್ತು ಲಕ್ಷ ದಾಟಿತು. ಯುರೋಪ್‌ನವರು ಹೋದರು, ಆ ಜಾಗಕ್ಕೆ ಭಾರತ, ನೈಜೀರಿಯಾ, ಚೀನಾ ಮುಂತಾದ ಕಡೆಯವರು ಬಂದರು. ಆಸ್ಪತ್ರೆ, ವೃದ್ಧರ ಆರೈಕೆ ಮನೆಗಳಿಗೆ ಜನ ಬೇಕಿತ್ತು, ವಿಶ್ವವಿದ್ಯಾಲಯಗಳಿಗೆ ಫೀಸು ಬೇಕಿತ್ತು. 2012ರಲ್ಲಿ ಮುಚ್ಚಿದ್ದ, ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡುವ ಅವಕಾಶವನ್ನು 2021ರ ಜುಲೈನಲ್ಲಿ ಮತ್ತೆ ತೆರೆದರು. ಇದನ್ನು ಒಕ್ಕೂಟದಲ್ಲಿದ್ದೂ ಮಾಡಬಹುದಿತ್ತು, ಯುರೋಪ್‌ನ ಹೊರಗಿನವರ ವೀಸಾ ಯಾವತ್ತೂ ಬ್ರಿಟನ್ ಕೈಯಲ್ಲೇ ಇತ್ತು. ಆಮೇಲೆ ಜನ ಸಿಟ್ಟಾದರು, ಬಾಗಿಲು ಮತ್ತೆ ಬಿಗಿಯಾಯಿತು. 2024ರ ಜನವರಿಯಿಂದ ಎಂಎಸ್‌ಸಿಯಂಥ ಕೋರ್ಸಿನವರು ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. 2025ರ ಜುಲೈನಿಂದ ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಕರೆಸುವುದೂ ನಿಂತಿತು. ಓದು ಮುಗಿದ ಮೇಲಿನ ಎರಡು ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಆಗುತ್ತದೆ. ಮಗಳ ಕೋರ್ಸ್ ಯಾವಾಗ ಮುಗಿಯುತ್ತದೆ, ಅರ್ಜಿ ಯಾವ ತಾರೀಖಿಗೆ ಬೀಳುತ್ತದೆ ಅಂತ ಈಗಲೇ ಲೆಕ್ಕ ಹಾಕಿಸಿ.

ಸಮಾಜಕ್ಕೆ ಆದ ಗಾಯ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಮತದಾನಕ್ಕೆ ಒಂದು ವಾರ ಇರುವಾಗ, 2016ರ ಜೂನ್ 16ರಂದು, ಇರೋಣ ಅನ್ನುತ್ತಿದ್ದ ಸಂಸದೆ ಜೋ ಕಾಕ್ಸ್ ಅವರನ್ನು ಬೀದಿಯಲ್ಲೇ ಕೊಂದರು. ಮನೆಮನೆಯಲ್ಲಿ ಹಿರಿಯರು ಒಂದು ಕಡೆ, ಕಿರಿಯರು ಒಂದು ಕಡೆ ಆದರು. ಸ್ಕಾಟ್‌ಲೆಂಡ್‌ನಲ್ಲಿ 62 ಶೇಕಡಾ ಜನ ಇರೋಣ ಅಂದಿದ್ದರು, ಅವರನ್ನೂ ಎಳೆದುಕೊಂಡು ಹೊರಬಂದ ಹಾಗಾಯಿತು. ಮೂವತ್ತು ವರ್ಷದಿಂದ ಅಲ್ಲೇ ಇದ್ದ ಇಟಲಿಯ, ಪೋರ್ಚುಗಲ್‌ನ ಮುದುಕರು ಇಲ್ಲೇ ಇರಲು ಬಿಡಿ ಅಂತ ಅರ್ಜಿ ಹಾಕಬೇಕಾಯಿತು.

ಉತ್ತರ ಐರ್ಲೆಂಡ್ ಮಾತು ಹೇಳದೆ ಮುಂದೆ ಹೋಗಲಾರೆ. ಅದು ಬ್ರಿಟನ್‌ನದೇ ಭಾಗ, ಆದರೆ ಅದರ ಭೂಮಿಯ ಗಡಿ ಇರುವುದು ಒಕ್ಕೂಟದಲ್ಲೇ ಉಳಿದ ಐರ್ಲೆಂಡ್ ದೇಶದ ಜೊತೆ. ಗಡಿ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಹೆಣ್ಣು ಕೊಟ್ಟು ತಂದು ಮಾಡುವುದು ಆ ಕಡೆ, ಸಂತೆ ಈ ಕಡೆ, ಆದರೂ ಆಗಾಗ ಬಸ್ಸು ನಿಲ್ಲುವುದನ್ನು ನೋಡಿದ್ದೇವೆ. ಅಲ್ಲಿ ಮೂವತ್ತು ವರ್ಷದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತು, 1998ರ ಒಪ್ಪಂದದ ಮೇಲೆ ಶಾಂತಿ ಬಂದಿತ್ತು. ಸುಮಾರು 500 ಕಿಲೋಮೀಟರ್ ಗಡಿಯಲ್ಲಿ ಸೈನಿಕರ ಚೌಕಿಗಳು ಹೋಗಿ ಬರೀ ಹೊಲಗಳು ಉಳಿದಿದ್ದವು. ಎರಡೂ ಕಡೆ ಒಂದೇ ಒಕ್ಕೂಟ ಇದ್ದದ್ದರಿಂದ ಸುಂಕದ ಕಟ್ಟೆಯೂ ಬೇಕಿರಲಿಲ್ಲ. ಬ್ರಿಟನ್ ಹೊರಬಂದ ಮೇಲೆ ತಪಾಸಣೆ ಎಲ್ಲಿ ಮಾಡಬೇಕು? ಭೂಮಿಯ ಗಡಿಯಲ್ಲಿ ಮಾಡಿದರೆ ಹಳೆಯ ಗಾಯ ಬಿಚ್ಚುತ್ತದೆ ಅಂತ ಸಮುದ್ರದ ಮೇಲೆ, ತನ್ನದೇ ದೇಶದ ಎರಡು ಭಾಗಗಳ ನಡುವೆ ತಪಾಸಣೆ ಇಟ್ಟುಕೊಂಡಿತು. ಅದನ್ನು 2023ರಲ್ಲಿ ವಿಂಡ್ಸರ್ ಒಪ್ಪಂದದಿಂದ ಸ್ವಲ್ಪ ಸಡಿಲ ಮಾಡಿದರು. ನಮ್ಮ ತೀರ್ಮಾನ ನಾವೇ ಮಾಡಬೇಕು ಅಂತ ಹೊರಬಂದವರು ತಮ್ಮದೇ ಅಂಗಡಿಯಿಂದ ತಮ್ಮದೇ ಇನ್ನೊಂದು ಅಂಗಡಿಗೆ ಮಾಲು ಕಳಿಸಲು ಫಾರ್ಮ್ ತುಂಬುತ್ತಿದ್ದಾರೆ. ನನಗೆ ಇಡೀ ವಿಷಯದಲ್ಲಿ ಅತಿ ದುಃಖದ ಭಾಗ ಇದೇ.

ಬಿಟ್ಟವರೆಲ್ಲ ಕೆಟ್ಟರು ಅಂತಲ್ಲ. ಗ್ರೀನ್‌ಲ್ಯಾಂಡ್ 1982ರಲ್ಲಿ ಮತ ಹಾಕಿ 1985ರಲ್ಲಿ ಅದೇ ಒಕ್ಕೂಟದಿಂದ ಹೊರಬಂತು. ಅವರಿಗೆ ಬದುಕೇ ಮೀನು. ಒಕ್ಕೂಟದ ಮೀನುಗಾರಿಕೆ ನಿಯಮ ಅವರಿಗೆ ಒಗ್ಗಲಿಲ್ಲ, ಹೊರಬಂದು ಮೀನು ಹಿಡಿಯುವ ಹಕ್ಕಿಗೆ ಹಣ ಪಡೆಯುವ ಒಪ್ಪಂದ ಮಾಡಿಕೊಂಡರು. ಬೇಕಾದದ್ದು ಏನು ಅಂತ ಖಚಿತವಾಗಿ ಗೊತ್ತಿತ್ತು, ಬಿಚ್ಚಿಕೊಳ್ಳಬೇಕಾದ ಗಂಟುಗಳೂ ಕಡಿಮೆ ಇದ್ದವು.

ಈಗ ನಿಮ್ಮ ಗೆಳೆಯರ ಕಡೆಗೆ ಬರುತ್ತೇನೆ. ಭಾರತವೂ ಹೊರಬರಬೇಕು ಅನ್ನುತ್ತಾರಲ್ಲ, ನಾವು ಯುರೋಪ್‌ನಂಥ ಒಕ್ಕೂಟದಲ್ಲಿ ಇಲ್ಲವೇ ಇಲ್ಲ. ನಮ್ಮ ಸುಂಕ ನಾವೇ ಹಾಕುತ್ತೇವೆ. ನಮ್ಮವು ಬಿಡಿ ಬಿಡಿ ಒಪ್ಪಂದಗಳು, ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆ 2010ರಿಂದ, ಜಪಾನ್ ಜೊತೆ 2011ರಿಂದ, ಹೀಗೆ. ದೊಡ್ಡ ಗುಂಪಿಗೆ ಸೇರುವ ಸಂದರ್ಭ ಬಂದದ್ದು ಆರ್‌ಸಿಇಪಿ ಅನ್ನುವ, ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದಲ್ಲಿ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಅದಕ್ಕೆ ಸೇರುವುದಿಲ್ಲ ಅಂದಿತು. ಉಳಿದ 15 ದೇಶಗಳು ಮುಂದಿನ ವರ್ಷ ಸಹಿ ಹಾಕಿದವು. ನ್ಯೂಜಿಲೆಂಡ್‌ನ ಹಾಲಿನ ಪುಡಿ ಬಂದರೆ ಎರಡು ಎಮ್ಮೆ ಕಟ್ಟಿದವರ ಗತಿ ಏನು ಅಂತ ಆಗ ನಮ್ಮ ರೈತರು ಬೀದಿಗಿಳಿದಿದ್ದರು. ಆ ಹೆದರಿಕೆ ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ. ಅಲ್ಲಿ ಒಬ್ಬೊಬ್ಬರ ಹತ್ತಿರ ನೂರಾರು ಹಸುಗಳಿರುತ್ತವೆ, ನಮ್ಮಲ್ಲಿ ಹಾಲಿನ ದುಡ್ಡು ಅಂದರೆ ಮನೆಯ ಹೆಂಗಸರ ಕೈಗೆ ಹದಿನೈದು ದಿನಕ್ಕೊಮ್ಮೆ ಬರುವ ನಗದು. ಅದನ್ನು ಪಣಕ್ಕಿಡಬಾರದು. ಚೀನಾದ ಮಾಲಿನ ಹೆದರಿಕೆಯೂ ಇತ್ತು, ಅದು ನಿಮಗೂ ಗೊತ್ತು.

ಆದರೆ ಸೇರದೆ ಇರುವುದು ಬೇರೆ, ಸೇರಿ ಬಿಡುವುದು ಬೇರೆ. ಸೇರದಿದ್ದರೆ ಬರಬಹುದಾಗಿದ್ದದ್ದು ಬರುವುದಿಲ್ಲ. ಸೇರಿ ನಲವತ್ತೇಳು ವರ್ಷ ಆದ ಮೇಲೆ ಬಿಟ್ಟರೆ, ಆ ನಿಯಮ ನಂಬಿ ಯಂತ್ರ ಹಾಕಿದವರು, ಗೋದಾಮು ಕಟ್ಟಿದವರು, ಮದುವೆಯಾಗಿ ಊರು ಬಿಟ್ಟವರು ಎಲ್ಲರೂ ಕಿತ್ತು ಮತ್ತೆ ನೆಡಬೇಕು. ಇನ್ನೊಂದು ಮಾತನ್ನೂ ಗೆಳೆಯರಿಗೆ ಹೇಳಿ. ಒಪ್ಪಂದ ಮಾಡಿಕೊಂಡೂ ಹಾಲನ್ನು ಹೊರಗಿಡಬಹುದು. ಆಸ್ಟ್ರೇಲಿಯಾ ಜೊತೆ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಹಾಲಿನ ಪದಾರ್ಥ ಬಿಟ್ಟಿದ್ದಾರೆ. ಬ್ರಿಟನ್ ಒಪ್ಪಂದದಲ್ಲೂ ಬಿಟ್ಟಿದ್ದಾರೆ. ಅವರ ಎಮ್ಮೆಗೂ ನಿಮ್ಮ ಎರಕಕ್ಕೂ ಜಗಳ ಹಚ್ಚುವ ಅಗತ್ಯವಿಲ್ಲ. ಆಸಿಯಾನ್ ಒಪ್ಪಂದ ನಮಗೆ ಲುಕ್ಸಾನು ಅನ್ನುವ ದೂರು ಬಹಳ ದಿನದಿಂದ ಇದೆ, ಅದನ್ನು ತಿದ್ದುವ ಮಾತುಕತೆ ನಡೆದಿದೆ. ತಿದ್ದುವುದೇ ಸರಿ ದಾರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನಿಮ್ಮ ಫೌಂಡ್ರಿಯ ಮಟ್ಟಿಗೆ ಈಗ ಮಾಡಬೇಕಾದದ್ದು ಇದೆ. ನಿಮ್ಮ ವ್ಯಾಪಾರಿಗೆ ಫೋನ್ ಮಾಡಿ, ಕಡಿಮೆಯಾದ ಆರ್ಡರ್‌ನಲ್ಲಿ ಐರ್ಲೆಂಡ್, ಜರ್ಮನಿಯ ಪಾಲು ಎಷ್ಟಿತ್ತು ಅಂತ ಕೇಳಿ. ಆ ಗಿರಾಕಿಗಳು ಇನ್ನೂ ಇದ್ದರೆ ಅವರ ಮಾಲನ್ನು ಬ್ರಿಟನ್ ಮುಟ್ಟಿಸದೆ ನೇರವಾಗಿ ರೋಟರ್‌ಡ್ಯಾಮ್‌ಗೋ ಡಬ್ಲಿನ್‌ಗೋ ಬೇರೆ ಇನ್‌ವಾಯ್ಸ್‌ನಲ್ಲಿ ಕಳಿಸಿ, ವ್ಯಾಪಾರಿಗೆ ಅವರ ದಲಾಲಿ ಕೊಡಿ. ಅವರಿಗೂ ಬದುಕಬೇಕಲ್ಲ. ಸುಂಕ ಯಾರು ಕಟ್ಟಬೇಕು ಅಂತ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಸ್ಕ್ರ್ಯಾಪ್, ಪಿಗ್ ಐರನ್ ಎಲ್ಲಿಂದ ಕೊಂಡಿರಿ ಅನ್ನುವ ಬಿಲ್ಲುಗಳನ್ನು ಇವತ್ತಿನಿಂದಲೇ ಬೇರೆ ಫೈಲ್ ಮಾಡಿ. ಬ್ರಿಟನ್ ಒಪ್ಪಂದದ ಸುಂಕ ವಿನಾಯಿತಿ ಬೇಕಾದರೆ ಮಾಲು ಇಲ್ಲಿಯದೇ ಅಂತ ತೋರಿಸಬೇಕಾಗುತ್ತದೆ. ಹಾಗೆಯೇ ಕರೆಂಟ್ ಬಿಲ್, ಕೋಕ್ ಬಿಲ್ಲುಗಳೂ ಇರಲಿ. ಯುರೋಪ್ ಒಕ್ಕೂಟ 2026ರ ಜನವರಿ 1ರಿಂದ ಕಬ್ಬಿಣ, ಉಕ್ಕಿನ ಹಲವು ಸಾಮಾನುಗಳ ಮೇಲೆ ಇಂಗಾಲದ ಲೆಕ್ಕದ ಶುಲ್ಕ ಜಾರಿ ಮಾಡಿದೆ. ಬ್ರಿಟನ್ ತನ್ನದೇ ಬೇರೆ ಲೆಕ್ಕವನ್ನು 2027ಕ್ಕೆ ತರುವುದಾಗಿ ಹೇಳಿದೆ. ಮೊದಲು ಒಂದಿದ್ದ ನಿಯಮದ ಪುಸ್ತಕ ಈಗ ಎರಡು. ನಿಮ್ಮ ಯಾವ ಎರಕ ಯಾವ ಎಚ್‌ಎಸ್ ಕೋಡ್‌ನಲ್ಲಿ, ಅಂದರೆ ಸುಂಕಕ್ಕಾಗಿ ಮಾಲು ವಿಂಗಡಿಸುವ ಯಾವ ಸಂಖ್ಯೆಯಲ್ಲಿ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ, ಪೈಪ್ ಜೋಡಣೆಯ ಭಾಗಕ್ಕೂ ವಾಲ್ವಿನ ಭಾಗಕ್ಕೂ ಕೋಡ್ ಬೇರೆ, ನಿಯಮವೂ ಬೇರೆ. ಕಳೆದ ಆರು ತಿಂಗಳ ಶಿಪ್ಪಿಂಗ್ ಬಿಲ್ಲುಗಳನ್ನು ತೆಗೆದುಕೊಂಡು ಕೂತು, ಒಂದೊಂದು ಸಾಮಾನಿನ ಎದುರಿಗೆ ಕೋಡ್ ಬರೆದು, ನಿಮ್ಮ ಕಸ್ಟಮ್ಸ್ ಏಜೆಂಟರ ಹತ್ತಿರ ತಾಳೆ ನೋಡಿಸಿ. ಮೂಲ ದೇಶದ ಕಾಲಂನಲ್ಲಿ ಭಾರತ ಅಂತ ಇದೆಯಾ ಅಂತ ಪ್ರತಿ ಸಲ ನೀವೇ ಕಣ್ಣಾಡಿಸಿ, ಬೇರೆಯವರಿಗೆ ಬಿಡಬೇಡಿ.